ಸಭೆ ಬಿಡದೆ ಡಾಕ್ಟರೇಟ್: ಡಿ.ಟಿಎಚ್., ಡಿ.ಮಿನ್., ಪಾರ್ಟ್‌ಟೈಮ್ ಪಿಎಚ್‌ಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಪಾರ್ಟ್‌ಟೈಮ್ ಪಿಎಚ್‌ಡಿಗೆ. ಉಡುಪಿ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು ಸಭಾಪಾಲಕಿ, ಪಾಸ್ಟರು. ಭಾನುವಾರದ ಪ್ರಸಂಗ (ಉಪದೇಶ), ಮದುವೆ, ಮರಣ, ಕಮಿಟಿ ಮೀಟಿಂಗು ಯಾವುದನ್ನೂ ಬಿಡದೆ ಓದಬೇಕೆನ್ನುವವರ ಕಣ್ಣಿಗೆ ಮೊದಲು ಬೀಳುವುದು ಮೂರು ದಾರಿ. ದೈವಶಾಸ್ತ್ರದ ಡಾಕ್ಟರೇಟಾದ ಡಿ.ಟಿಎಚ್.ಗೆ ಅರ್ಜಿ ಹಾಕಿ ಸಂದರ್ಶನದವರೆಗೆ ಹೋದೆ. ಅಮೆರಿಕದ ಒಂದು ಸೆಮಿನರಿಯ (ಪಾಸ್ಟರುಗಳನ್ನು ತಯಾರು ಮಾಡುವ ಕಾಲೇಜು) ಡಿ.ಮಿನ್.ಗೆ, ಅಂದರೆ ಸಭಾಸೇವೆಯ ಡಾಕ್ಟರೇಟಿಗೆ, ಸೇರಿ ಶುರುವಿನ ಮಾಡ್ಯೂಲುಗಳನ್ನು ಮುಗಿಸಿ ಬಿಟ್ಟೆ. ಈಗ ಇಲ್ಲೇ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ನಡೆಯುತ್ತಾ ಉಂಟು. ಸಿಲೆಬಸ್ಸು, ಕ್ರೆಡಿಟ್ಟಿನ ಲೆಕ್ಕ ಎಲ್ಲ ಆಯಾ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದಕ್ಕೆ ಕೈ ಹಾಕುವುದಿಲ್ಲ.

ಡಿ.ಟಿಎಚ್. ಬಗ್ಗೆ ನನಗೆ ಗೌರವ ಇಲ್ಲವೆಂದಲ್ಲ. 1818ರಲ್ಲಿ ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ ಸೇರಿ, ಆಗ ಡೇನರ ಕೈಯಲ್ಲಿದ್ದ ಬಂಗಾಳದ ಸೆರಾಂಪುರದಲ್ಲಿ ಕಟ್ಟಿದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ರಾಜನಿಂದ ಪದವಿ ಕೊಡುವ ಸನ್ನದು ಸಿಕ್ಕಿತು. 1918ರ ಕಾಯಿದೆ ಅದನ್ನು ಗಟ್ಟಿ ಮಾಡಿತು. ಮಂಗಳೂರಿನ ಬಲ್ಮಠದ ಕೆಟಿಸಿಯಲ್ಲಿ (ಕರ್ನಾಟಕ ಥಿಯಲಾಜಿಕಲ್ ಕಾಲೇಜು) ದೈವಶಾಸ್ತ್ರದ ಮೊದಲ ಪದವಿ ಬಿ.ಡಿ. ಮಾಡಿದ ನಮಗೆಲ್ಲ ಪದವಿ ಬಂದದ್ದು ಆ ಸೆರಾಂಪುರದ ಸೆನೆಟ್‌ನಿಂದಲೇ. ಹಾಗಾಗಿ ಬಿ.ಡಿ., ಅದರ ಮೇಲಿನ ಸ್ನಾತಕೋತ್ತರ ಪದವಿ ಎಂ.ಟಿಎಚ್. ಆದ ಮೇಲೆ ಮುಂದಿನದ್ದು ಡಿ.ಟಿಎಚ್. ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಸೆಮಿನರಿಯಲ್ಲಿ ಪಾಠ ಮಾಡುವ ಆಸೆ ಇದ್ದವರು ಮುಂದಿನ ಸಾಲು ಓದುವ ಅಗತ್ಯವೇ ಇಲ್ಲ, ಅದನ್ನೇ ಮಾಡಿ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುಟಿಸಿಯಂಥ (ಯುನೈಟೆಡ್ ಥಿಯಲಾಜಿಕಲ್ ಕಾಲೇಜು) ಕಡೆಯ ಗ್ರಂಥಾಲಯದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಕೂತು ಓದುವ ಸುಖ ಪಾರ್ಟ್‌ಟೈಮಿನವರಿಗೆ ಕನಸಿನಲ್ಲೂ ಇಲ್ಲ.

ತೊಡಕು ಇರುವುದು ಅಲ್ಲೇ ಹೋಗಿ ಕೂರಬೇಕಾದದ್ದರಲ್ಲಿ. ನಾನು ವಿಚಾರಿಸಿದ ಕಡೆ ಕ್ಯಾಂಪಸ್ಸಿನಲ್ಲಿ ವಾಸ ಕಡ್ಡಾಯ. ಸಂದರ್ಶನದಲ್ಲಿ ವಿಷಯದ ಬಗ್ಗೆ ಕೇಳುವ ಮೊದಲೇ “ಸಭೆಯಿಂದ ಬಿಡುಗಡೆ ಯಾವಾಗ?” ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಆದರೆ ಸಭೆಯ ಹೊಣೆ ಬಿಟ್ಟರೆ ಚರ್ಚಿನ ಬಂಗ್ಲೆಯನ್ನೂ ಬಿಡಬೇಕು. ಮಕ್ಕಳ ಶಾಲೆ ಇಲ್ಲಿ, ಮನೆಯವರ ಕೆಲಸ ಇಲ್ಲಿ, ಅತ್ತೆಗೆ ವಾರಕ್ಕೊಮ್ಮೆ ಮಣಿಪಾಲದಲ್ಲಿ ತೋರಿಸಬೇಕು. ಗಂಡಸರಾದ ಸಹೋದ್ಯೋಗಿಗಳು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಹೋಗಿ ಓದಿ ಬಂದದ್ದನ್ನು ಕಂಡಿದ್ದೇನೆ. ನಾನು ಹಾಗೆ ಹೋದರೆ ಊರಿಡೀ ಮಾತಾಡುತ್ತದೆ, ನನಗೂ ಮನಸ್ಸಿಲ್ಲ.

ಡಿ.ಮಿನ್. ಇದಕ್ಕೆ ಪೂರ್ತಿ ತಿರುಗಾಮುರುಗ. ಅದು ನಮ್ಮಂಥವರಿಗೆಂದೇ ಇರುವ ಪದವಿ. ಸಭೆಯಲ್ಲಿ ಕೆಲವು ವರ್ಷ ಸೇವೆ ಮಾಡಿದವರನ್ನೇ ತೆಗೆದುಕೊಳ್ಳುತ್ತಾರೆ, ಒಂದೊಂದು ಮಾಡ್ಯೂಲ್ ಚಿಕ್ಕದು, ಕೊನೆಗೆ ಬರೆಯುವುದು ನಿಮ್ಮ ಸೇವೆಯಲ್ಲೇ ಮಾಡಿ ನೋಡಿದ ಒಂದು ಪ್ರಾಜೆಕ್ಟು. ನಾನು ಆರಿಸಿಕೊಂಡದ್ದು ಗಂಡ ಗಲ್ಫಿನಲ್ಲಿರುವ ಮನೆಗಳ ಆಪ್ತಸಮಾಲೋಚನೆ. ಕರಾವಳಿಯ ಸಭೆಯಲ್ಲಿ ಈ ವಿಷಯಕ್ಕೆ ಬರ ಇಲ್ಲ. ಮನೆ ಭೇಟಿಯಿಂದ ಬಂದು, ನಡೆದ ಮಾತುಕತೆಯನ್ನು ಹೆಸರು ಬದಲಿಸಿ ಬರೆದು, ಸಹಪಾಠಿಗಳ ಮುಂದಿಟ್ಟು, “ಇಲ್ಲಿ ನೀನು ಬಾಯಿ ಮುಚ್ಚಿ ಕೂತಿರಬೇಕಿತ್ತು” ಎಂದು ಹೇಳಿಸಿಕೊಳ್ಳುವ ಪದ್ಧತಿ ಅಲ್ಲಿ ಉಂಟು. ಅದರಷ್ಟು ಉಪಯೋಗವಾದ ಪಾಠ ನನಗೆ ಇನ್ನೆಲ್ಲೂ ಸಿಕ್ಕಿಲ್ಲ, ಪಿಎಚ್‌ಡಿಯಲ್ಲೂ ಇಲ್ಲ.

ಆದರೆ ಅವರ ಬೆಳಗ್ಗೆ ಅಂದರೆ ನಮ್ಮ ರಾತ್ರಿ. ಊಟ ಮುಗಿಸಿ ಜೂಮಿಗೆ ಕೂತರೆ ಏಳುವಾಗ ಮಧ್ಯರಾತ್ರಿ. ನಾನು ಬೆಳಗಿನ ಜೀವ, ನಾಲ್ಕೂವರೆಗೆ ಎದ್ದರೆ ತಲೆ ಓಡುತ್ತದೆ, ರಾತ್ರಿ ಒಂಬತ್ತರ ಮೇಲೆ ನನ್ನಿಂದ ಕೀರ್ತನೆಯ ನಂಬರು ಕೂಡ ಸರಿಯಾಗಿ ಹೇಳಲಿಕ್ಕಾಗುವುದಿಲ್ಲ. ಎರಡನೆಯದು ದುಡ್ಡು: ಒಂದು ಮಾಡ್ಯೂಲಿನ ಶುಲ್ಕ ನನ್ನ ಎರಡು ತಿಂಗಳ ಸಂಬಳವನ್ನು ಮೀರುತ್ತಿತ್ತು, ಅದೂ ಡಾಲರಿನಲ್ಲಿ. ಮೂರನೆಯದು, ನಮ್ಮಲ್ಲಿನ ಕಾಲೇಜು ಕೆಲಸಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೇಳುವ ಪಿಎಚ್‌ಡಿಯ ಜಾಗದಲ್ಲಿ ಅದನ್ನು ತೋರಿಸುತ್ತೇನೆಂದು ನಂಬಿ ಕೂರಬಾರದು. ನನಗೆ ಆ ಕೆಲಸ ಬೇಡ, ಆದರೆ ಎರಡು ವರ್ಷದ ಸಂಬಳ ಸುರಿದ ಮೇಲೆ ಬೇಡ ಎನ್ನುವ ಸ್ವಾತಂತ್ರ್ಯವಾದರೂ ನನ್ನದಾಗಿರಬೇಕಲ್ಲ.

ಇನ್ನು ಪಿಎಚ್‌ಡಿ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಪೀಠ ಉಂಟು, ಮೈಸೂರಿನಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ ಉಂಟು, ಇತಿಹಾಸ ಅಥವಾ ಕನ್ನಡ ವಿಭಾಗದ ಮೂಲಕ ಮಿಷನ್ ಚರಿತ್ರೆ ಮಾಡುವವರೂ ಇದ್ದಾರೆ. ದೂರಶಿಕ್ಷಣದಲ್ಲಿ ಮಾಡಿದ ಎಂ.ಎ. ಕೈಯಲ್ಲಿದ್ದದ್ದರಿಂದ ಶೇಕಡಾ 55ರ ಅರ್ಹತೆಗೆ ನನಗೆ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಒಂದು ಹಾಳೆಗೆ.

ಯುಜಿಸಿಯ 2022ರ ನಿಯಮದ ಪ್ರಕಾರ ಪಾರ್ಟ್‌ಟೈಮ್ ಮಾಡುವವರು ಕೆಲಸ ಮಾಡುವ ಕಡೆಯಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತರಬೇಕು. ಅದರಲ್ಲಿ ಮೂರು ಮಾತು ಇರಲೇಬೇಕು. ಒಂದು, ಇವರಿಗೆ ಪಾರ್ಟ್‌ಟೈಮ್ ಓದಲು ಅನುಮತಿ ಇದೆ. ಎರಡು, ಇವರ ಕೆಲಸ ಸಂಶೋಧನೆಗೆ ಸಾಕಷ್ಟು ಸಮಯ ಬಿಡುತ್ತದೆ. ಮೂರು, ಕೋರ್ಸ್‌ವರ್ಕಿಗೆ (ಪಿಎಚ್‌ಡಿಯ ಶುರುವಿನ ತರಗತಿಗಳಿಗೆ) ಬೇಕಾದರೆ ಇವರನ್ನು ಕೆಲಸದಿಂದ ಬಿಡುಗಡೆ ಮಾಡುತ್ತೇವೆ. ಬ್ಯಾಂಕಿನವರಿಗೆ, ಮೇಷ್ಟ್ರುಗಳಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಪಾಸ್ಟರಿಗೆ ಉದ್ಯೋಗದಾತ ಯಾರು?

ನಾನು ಸಭೆಯ ಕಮಿಟಿಯಿಂದ ಶುರು ಮಾಡಿದೆ. ನಮ್ಮ ಖಜಾಂಚಿ ನಿವೃತ್ತ ಬ್ಯಾಂಕ್ ಮ್ಯಾನೇಜರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ ಊರಿದು, ಇಲ್ಲಿ ಯಾವ ಕಮಿಟಿಗೆ ಹೋದರೂ ಅಂಥವರೊಬ್ಬರು ಕನ್ನಡಕ ಮೂಗಿಗಿಳಿಸಿ ಕೂತಿರುತ್ತಾರೆ. ಮೊದಲ ಮಾತಿಗೆ ಆಗಬಹುದು ಎಂದು ತಲೆಯಾಡಿಸಿದರು. ಎರಡನೆಯದಕ್ಕೆ ಪೆನ್ನು ಕೆಳಗಿಟ್ಟರು. “ಅಮ್ಮ, ನಿಮಗೆ ಸಾಕಷ್ಟು ಪುರುಸೊತ್ತು ಉಂಟು ಅಂತ ನಾವೇ ಬರೆದು ಸೀಲ್ ಹೊಡೆದು ಕೊಡುವುದಾ? ಮೊನ್ನೆ ತಾನೆ ಮನೆ ಭೇಟಿ ಕಮ್ಮಿ ಆಯ್ತು ಅಂತ ಜನರಲ್ ಬಾಡಿಯಲ್ಲಿ ಗಲಾಟೆ ಆದದ್ದು.” ಮೂರನೆಯದನ್ನು ಸೆಕ್ರೆಟರಿ ಓದಿದರು. “ನೀವು ಕ್ಲಾಸಲ್ಲಿ ಇರುವಾಗ ಯಾರಾದರೂ ತೀರಿಹೋದರೆ ಎಂತ ಮಾಡುವುದು?” ಮಾತು ಅಷ್ಟಕ್ಕೇ ನಿಂತಿತು. ಅವರದ್ದು ತಪ್ಪು ಎನ್ನಲಾರೆ. ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಅಲ್ಲಿಂದ ಮೇಲಕ್ಕೆ ಹೋದೆ. ವರ್ಗಾವಣೆ ಮಾಡುವವರು ಸಭಾಪ್ರಾಂತದವರು (ಬಿಷಪರ ಕೈಕೆಳಗಿನ ಡಯಾಸಿಸ್), ಹಾಗಾಗಿ ಅವರೇ ಕೊಡಬೇಕೆಂದು ಏರಿಯಾ ಚೇರ್ಮನ್ನರು ಹೇಳಿದರು. ಆಫೀಸಿನಲ್ಲಿ ಇದು ಅಧ್ಯಯನ ರಜೆಯ ಅರ್ಜಿಯೋ ಅಲ್ಲವೋ ಎಂಬ ಚರ್ಚೆ ಹುಟ್ಟಿಕೊಂಡಿತು. ರಜೆ ಎಂದಾದರೆ ಸಂಬಳದ ಮಾತು ಬರುತ್ತದೆ, ಬಾಂಡ್ ಬರುತ್ತದೆ, ಬದಲಿ ಪಾಸ್ಟರು ಬರಬೇಕು. ರಜೆ ಅಲ್ಲ ಎಂದಾದರೆ ಮೂರನೆಯ ಮಾತು ಬರೆಯುವುದು ಹೇಗೆ? ಕೊನೆಗೆ ಒಂದು ಪತ್ರ ಕೈಗೆ ಬಂತು. ತುಂಬಾ ಒಳ್ಳೆಯ ಇಂಗ್ಲಿಷು, ನನ್ನ ಸೇವೆಯ ಬಗ್ಗೆ ಹೊಗಳಿಕೆ, ದೇವರ ಆಶೀರ್ವಾದದ ಹಾರೈಕೆ. ವಿಶ್ವವಿದ್ಯಾಲಯದ ಗುಮಾಸ್ತರು ಒಂದು ನಿಮಿಷ ನೋಡಿ ವಾಪಸು ಕೊಟ್ಟರು. “ಆಶೀರ್ವಾದ ಬೇಡ ಮೇಡಂ, ‘ಬಿಡುಗಡೆ ಮಾಡುತ್ತೇವೆ’ ಅಂತ ಎಲ್ಲಿ ಉಂಟು?”

ಬಗೆಹರಿದದ್ದು ಹೀಗೆ. ನಿಯಮದ ಮೂರು ವಾಕ್ಯಗಳನ್ನು ಅಕ್ಷರ ಬದಲಿಸದೆ ನಾನೇ ಟೈಪ್ ಮಾಡಿದೆ. ಕೋರ್ಸ್‌ವರ್ಕಿನ ದಿನಗಳಲ್ಲಿ ಮರಣ, ಆಸ್ಪತ್ರೆ ಏನೇ ಬಂದರೂ ನೋಡಿಕೊಳ್ಳುತ್ತೇನೆಂದು ಹತ್ತಿರದಲ್ಲೇ ಇರುವ ನಿವೃತ್ತ ಪಾಸ್ಟರೊಬ್ಬರಿಂದ ಬರೆಸಿಕೊಂಡೆ. ಎರಡನ್ನೂ ಒಟ್ಟಿಗೆ ಇಟ್ಟು ಬಿಷಪರ ಮುಂದೆ ಹೋದೆ. ಸಹಿ ಸಿಕ್ಕಿತು. ಆ ನಿವೃತ್ತ ಅಯ್ಯನವರಿಲ್ಲದಿದ್ದರೆ ಈ ಹೋಲಿಕೆಯಲ್ಲಿ ಪಿಎಚ್‌ಡಿ ಮೊದಲ ಸುತ್ತಿನಲ್ಲೇ ಔಟು. ಅಷ್ಟಾದರೂ ಕೋರ್ಸ್‌ವರ್ಕಿನ ಪರೀಕ್ಷೆ ಬಂದದ್ದು ಶುಭ ಶುಕ್ರವಾರದ ವಾರದಲ್ಲೇ. ಅದಕ್ಕೆ ಯಾವ ಎನ್‌ಒಸಿಯೂ ಇಲ್ಲ.

ಇಷ್ಟೆಲ್ಲ ಆದ ಮೇಲೂ ನನಗೆ ಇದೇ ಯಾಕೆ ಇಷ್ಟ ಅಂದರೆ, ನನ್ನ ಆಕರ ಸಾಮಗ್ರಿ ನನ್ನ ಸಭೆಯ ಬೆಂಚಿನ ಮೇಲೆಯೇ ಕೂತಿದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮಿಷನರಿಗಳು ಮಂಗಳೂರಿಗೆ ಬಂದಿಳಿದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಇಲ್ಲಿ ಮುದ್ರಣಾಲಯ, ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ ನಡೆಸಿತು. ಆ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರು ಮನೆಯಲ್ಲಿ ಹೇಗೆ ಪ್ರಾರ್ಥಿಸುತ್ತಿದ್ದರು, ತುಳುವಿನಲ್ಲೋ ಕನ್ನಡದಲ್ಲೋ, ಎನ್ನುವುದು ನನ್ನ ವಿಷಯ. ಅವರ ಮಕ್ಕಳು, ಮೊಮ್ಮಕ್ಕಳು ಎಂಬತ್ತು ದಾಟಿ ಇನ್ನೂ ಇದ್ದಾರೆ. ಮನೆ ಭೇಟಿಗೆ ಹೋದಾಗ ಚಾ ಬರುವ ಮೊದಲೇ ಮಾತು ಶುರುವಾಗುತ್ತದೆ. ಖಜಾಂಚಿಗೂ ಸಮಾಧಾನ, ಮನೆ ಭೇಟಿ ಜಾಸ್ತಿಯಾಗಿದೆ.

ಇದರಲ್ಲೊಂದು ಸೂಕ್ಷ್ಮ ಉಂಟು. ಪಾಸ್ಟರು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಒಪ್ಪಿಗೆ ಪತ್ರಕ್ಕೂ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಕೋರ್ಸ್‌ವರ್ಕಿನಲ್ಲಿ ಸಂಶೋಧನಾ ನೀತಿಯ ಪತ್ರಿಕೆ ಇಲ್ಲದಿದ್ದರೆ ಅದು ಒಪ್ಪಿಗೆಯೇ ಅಲ್ಲ ಎಂಬುದು ನನಗೆ ಹೊಳೆಯುತ್ತಿರಲಿಲ್ಲ. ಈಗ ರೆಕಾರ್ಡರು ತೆಗೆಯುವುದು ಪ್ರಾರ್ಥನೆಗೆ ಹೋದ ದಿನ ಅಲ್ಲ, ಬೇರೆ ದಿನ, ನಿಲುವಂಗಿ ಇಲ್ಲದೆ, ಮಗಳೋ ಸೊಸೆಯೋ ಜೊತೆಗಿರುವಾಗ.

ಗೈಡ್ ಇತಿಹಾಸದವರು. ಅಧ್ಯಾಯ ಕೊಟ್ಟರೆ ಅಂಚಿನಲ್ಲಿ “ಇದು ಪ್ರಸಂಗ ಆಯ್ತು” ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತಾರೆ. “ಪ್ರಾರ್ಥನೆ ಇರಲಿ, ಕೂಲಿ ಪಟ್ಟಿ ತನ್ನಿ.” ದೈವಶಾಸ್ತ್ರದ ಹಸಿವಿದ್ದವರಿಗೆ ಇದು ನಿಜವಾದ ಕೊರತೆ, ಡಿ.ಟಿಎಚ್.ನಲ್ಲಿ ಈ ಹಸಿವನ್ನು ಯಾರೂ ಕೆಂಪು ಶಾಯಿಯಿಂದ ಹೊಡೆಯುವುದಿಲ್ಲ. ನನಗೆ ಮಾತ್ರ ಇದು ಒಳ್ಳೆಯದೇ ಆಯಿತು. ಕೂಲಿ ಪಟ್ಟಿ ಹುಡುಕಲು ಬಲ್ಮಠದಲ್ಲಿ ಕೆಟಿಸಿಯ ಹಳೆಯ ದಾಖಲೆಗಳ ಸಂಗ್ರಹಕ್ಕೆ ಹೋಗಿ ಕೂತ ದಿನದಿಂದ ನನ್ನ ಪ್ರಸಂಗವೂ ಸುಧಾರಿಸಿದೆ ಎಂದು ಮಗಳು ಹೇಳುತ್ತಾಳೆ. ಬಾಸೆಲ್ ಮಿಷನ್ನಿನ ಕಾಗದಪತ್ರಗಳನ್ನು ಈಗ ಇಟ್ಟುಕೊಂಡಿರುವ, ಬಾಸೆಲಿನ ಮಿಷನ್ 21 ಸಂಸ್ಥೆಯ ಸಂಗ್ರಹದ ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಜರ್ಮನ್ ಕಲಿತವರಿಗೂ ಅದು ಓದಲು ಬಾರದು, ಹಳೆಯ ಕೈಬರಹ ಓದುವ ಟ್ರಾನ್ಸ್‌ಕ್ರಿಬಸ್ ತಂತ್ರಾಂಶದಲ್ಲಿ ಹಾಕಿ ಅರ್ಧಂಬರ್ಧ ಬಿಡಿಸಿಕೊಳ್ಳುತ್ತಿದ್ದೇನೆ.

ಕಥೋಲಿಕ ಗುರುಗಳ ದಾರಿ ಬೇರೆ. ಲೈಸೆನ್ಷಿಯೇಟ್ ಎಂಬ ಸ್ನಾತಕೋತ್ತರ ಪದವಿ ಆದ ಮೇಲೆ ಎಸ್‌ಟಿಡಿ, ಅಂದರೆ ಅವರ ದೈವಶಾಸ್ತ್ರದ ಡಾಕ್ಟರೇಟ್, ಅದೂ ಬಿಷಪರು ಕಳಿಸಿದರೆ. ಅಲ್ಲಿ ಎನ್‌ಒಸಿಯ ರಗಳೆ ಇಲ್ಲ ಎಂದು ಮಂಗಳೂರಿನ ಜೆಪ್ಪು ಸೆಮಿನರಿಯಲ್ಲಿ ಓದಿದ ಫಾದರೊಬ್ಬರು ನನ್ನನ್ನು ತಮಾಷೆ ಮಾಡುತ್ತಾರೆ. ಕಳಿಸುವವರೇ ಅವರು, ಹೋಗು ಎಂದರೆ ಹೋಗಬೇಕು.

ವಾಟ್ಸಾಪಿನಲ್ಲಿ ಬರುವ ಗೌರವ ಡಾಕ್ಟರೇಟುಗಳನ್ನು ಹೋಲಿಕೆಗೆ ಸೇರಿಸುವುದಿಲ್ಲ. ಹೋಟೆಲ್ ಹಾಲು, ಬಾಡಿಗೆ ಗೌನು, ಶಾಲು, ಫೋಟೊ, ಮರುದಿನ ಫ್ಲೆಕ್ಸಿನಲ್ಲಿ ‘ಡಾ.’ ಇದೇ ಮಂಗಳೂರಿನಲ್ಲಿ ದುಡಿದ ಕಿಟೆಲ್ಲರಿಗೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1896ರಲ್ಲಿ, ಆ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದ ಮೇಲೆ. ನಿಘಂಟು ತೋರಿಸಿ ಎಂದರೆ ಹೋಟೆಲ್ ಹಾಲಿನವರು ಬಿಲ್ ತೋರಿಸುತ್ತಾರೆ. ಪೂರ್ತಿ ಆನ್‌ಲೈನ್ ಪಿಎಚ್‌ಡಿ ಎಂದು ಫೋನ್ ಮಾಡುವವರಿಗೂ ಅದೇ ಗೌರವ ಸಾಕು. ಯುಜಿಸಿ ದೂರಶಿಕ್ಷಣದ, ಆನ್‌ಲೈನಿನ ಪಿಎಚ್‌ಡಿಯನ್ನು ಒಪ್ಪುವುದಿಲ್ಲ, ವಿದೇಶಿ ಸಂಸ್ಥೆಗಳ ಹೆಸರಲ್ಲಿ ಬರುವಂಥವುಗಳ ಬಗ್ಗೆ 2022ರಲ್ಲೇ ಎಚ್ಚರಿಸಿದೆ.

ಲೆಕ್ಕಕ್ಕೆ ಬಂದರೆ, ನನ್ನ ಪಿಎಚ್‌ಡಿಯ ಒಂದು ವರ್ಷದ ಶುಲ್ಕ ಡಿ.ಮಿನ್.ನ ಒಂದು ಮಾಡ್ಯೂಲಿಗಿಂತ ಕಡಿಮೆ. ಬಸ್ ಖರ್ಚು, ಜೆರಾಕ್ಸು, ಬಲ್ಮಠದ ಹತ್ತಿರದ ಊಟ ಸೇರಿಸಿದರೂ ಕಡಿಮೆ. ಅವಧಿ ಆರು ವರ್ಷ, ಮರುನೋಂದಣಿಯಿಂದ ಎಂಟು, ಹೆಂಗಸರಿಗೆ ಹತ್ತರವರೆಗೂ ಅವಕಾಶ ಉಂಟು. ಬೆಳಗಿನ ಎರಡು ಗಂಟೆ ಮಾತ್ರ ಕೈಯಲ್ಲಿರುವವಳಿಗೆ ಆ ಹತ್ತು ವರ್ಷವೇ ದೊಡ್ಡ ವಿಷಯ. ಕೈಯಲ್ಲಿ ದುಡ್ಡಿದ್ದು, ರಾತ್ರಿ ಎಚ್ಚರ ಇರಬಲ್ಲವರಾಗಿ, ಬೇಕಾದದ್ದು ಪದವಿಗಿಂತ ಸಭೆಯ ಕೆಲಸದಲ್ಲಿ ಪಳಗುವುದು ಎಂದಾದರೆ ಡಿ.ಮಿನ್.ಗೇ ಹೋಗಿ, ನಾನು ಅಡ್ಡ ಬರುವುದಿಲ್ಲ.

ಪಿಎಚ್‌ಡಿ ಎಂದು ನಿಶ್ಚಯ ಮಾಡಿದವರು ವರ್ಗಾವಣೆ ಪಟ್ಟಿ ಬಂದ ಮೇಲೆಯೇ ಅರ್ಜಿ ಹಾಕಿ. ಎನ್‌ಒಸಿ ಕೈಗೆ ಬಂದ ತಿಂಗಳಲ್ಲೇ ಕೊಡಗಿಗೋ ಹಾಸನಕ್ಕೋ ವರ್ಗವಾದರೆ ಕಮಿಟಿ ಹೊಸದು, ಖಜಾಂಚಿ ಹೊಸಬರು, ನಿವೃತ್ತ ಅಯ್ಯನವರನ್ನೂ ಹೊಸದಾಗಿ ಹುಡುಕಬೇಕು.