ಮೂರು ವರ್ಷದ ಏರೋಸಾಲ್ ಯಂತ್ರ: ಕ್ರಿಂಪಿಂಗ್‌ಗೆ ಶಭಾಷ್, ಗ್ಯಾಸ್ ಹೆಡ್ ಜೊತೆ ಜಗಳ

ಸ್ಪ್ರೇ ಕ್ಯಾನ್ ತುಂಬುವ ಈ ಯಂತ್ರ ತಂದು ಮೂರು ವರ್ಷ ದಾಟಿತು. ಎತ್ತರ ಎಷ್ಟು, ತೂಕ ಎಷ್ಟು, ನಿಮಿಷಕ್ಕೆ ಎಷ್ಟು ಕ್ಯಾನ್ ಅನ್ನುವುದೆಲ್ಲ ಕ್ಯಾಟಲಾಗಿನಲ್ಲೇ ಇದೆ, ಅದನ್ನು ಬಿಡೋಣ. ಕ್ಯಾಟಲಾಗಿನಲ್ಲಿ ಇಲ್ಲದ್ದನ್ನು ಹೇಳಬೇಕು ಅಂತ ಕೂತಿದ್ದೇನೆ.

ನಮ್ಮದು ಸಣ್ಣ ಕೆಲಸ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಕೂತು ಹದಿನೈದು ನಿಮಿಷಕ್ಕೊಮ್ಮೆ ತಾನೇ ಪುಸ್ಸೆಂದು ಪರಿಮಳ ಬಿಡುತ್ತದಲ್ಲ, ಆ ರೂಮ್ ಫ್ರೆಶ್ನರ್ ಕ್ಯಾನ್‌ಗಳನ್ನು ತುಂಬುತ್ತೇವೆ. ಇವುಗಳಲ್ಲಿ ಇರುವುದು ಮೀಟರಿಂಗ್ ವಾಲ್ವ್. ಎಷ್ಟು ಹೊತ್ತು ಒತ್ತಿ ಹಿಡಿದರೂ ಹೊರಗೆ ಬರುವುದು ಒಂದೇ ಅಳತೆ. ನಮ್ಮದರಲ್ಲಿ 100 ಮೈಕ್ರೋಲೀಟರ್, ಅಂದರೆ 0.1 ಮಿಲಿಲೀಟರ್. ಪೂರ್ತಿ ಆಟೋಮ್ಯಾಟಿಕ್ ಲೈನ್ ನಮ್ಮ ಕೈಗೆ ಎಟುಕುವ ಮಾತಲ್ಲ. ಹಾಗಾಗಿ ಗಾಳಿಯಿಂದ ನಡೆಯುವ, ಮೂರು ಸ್ಟೇಷನ್‌ಗಳ ಸೆಮಿ ಆಟೋಮ್ಯಾಟಿಕ್ ಯಂತ್ರ ತೆಗೆದುಕೊಂಡೆವು. ಮೊದಲು ದ್ರವ, ಆಮೇಲೆ ಕ್ರಿಂಪಿಂಗ್, ಅಂದರೆ ವಾಲ್ವನ್ನು ಕ್ಯಾನಿನ ಬಾಯಿಗೆ ಒತ್ತಿ ಕೂರಿಸುವುದು, ಕೊನೆಗೆ ದ್ರವವನ್ನು ಹೊರಗೆ ತಳ್ಳುವ ಗ್ಯಾಸ್. ಯಂತ್ರದೊಳಗೆ ಕರೆಂಟೇ ಇಲ್ಲ. ಪಕ್ಕದಲ್ಲೇ ಬ್ಯೂಟೇನ್, ಪ್ರೊಪೇನ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಕಿಡಿಯ ಭಯ ಒಂದು ಕಡಿಮೆ ಆದರೂ ದೊಡ್ಡ ಸಮಾಧಾನ ಅಲ್ವಾ?

ಕ್ರಿಂಪಿಂಗ್ ಹೆಡ್ ಬಗ್ಗೆ ಒಂದು ದೂರೂ ಇಲ್ಲ. ಕಾಲೆಟ್ಟಿನ (ಬೆರಳುಗಳಂತೆ ಸೀಳಿರುವ ಲೋಹದ ತುಂಡು) ಬೆರಳುಗಳು ವಾಲ್ವಿನ ಕಪ್ ಒಳಗೆ ಇಳಿದು, ಅರಳಿ, ಕ್ಯಾನಿನ ಕಂಠದ ಕೆಳಗೆ ತಗಡನ್ನು ಒತ್ತಿ ಕೂರಿಸುತ್ತವೆ. ಟಕ್ ಅಂತ ಒಂದೇ ಸದ್ದು. ಬೆಳಿಗ್ಗೆ ಬಂದ ತಕ್ಷಣ ಕಂಪ್ರೆಸರ್ ಟ್ಯಾಂಕಿನ ನೀರು ಬಿಟ್ಟು, ಮೂರು ಖಾಲಿ ಕ್ಯಾನ್‌ಗಳಿಗೆ ಕ್ರಿಂಪ್ ಮಾಡಿ ಗೇಜ್ ಇಡುತ್ತೇನೆ. ಅಗಲ 27 ಮಿಲಿಮೀಟರ್, ಆಳ 5ರ ಆಸುಪಾಸು ಬರಬೇಕು. ಮೊದಲನೆಯದು ಯಾವಾಗಲೂ ಒಂದು ಕೂದಲಿನಷ್ಟು ಕಡಿಮೆ. ಗಾಳಿ ಇನ್ನೂ ಪೂರ್ತಿ ಏರಿರುವುದಿಲ್ಲ. ಎರಡನೆಯದರಿಂದ ಸಂಜೆಯವರೆಗೆ ಅಲುಗಾಡುವುದಿಲ್ಲ. ಈ ಗೇಜ್ ಇಡುವ ಹತ್ತು ನಿಮಿಷ ನನಗೆ ದಿನದ ಒಳ್ಳೆಯ ಹೊತ್ತು. ಫೋನ್ ಬಂದರೂ ಎತ್ತುವುದಿಲ್ಲ.

ಈಗ ಗ್ಯಾಸ್ ಹೆಡ್‌ಗೆ ಬರುತ್ತೇನೆ.

ಕ್ಯಾಟಲಾಗಿನಲ್ಲಿ 'ಎಲ್ಲ ಬಗೆಯ ವಾಲ್ವ್‌ಗಳಿಗೂ' ಅಂತ ಬರೆದಿತ್ತು. ಮಾಮೂಲಿ ಸ್ಪ್ರೇ ವಾಲ್ವ್‌ಗೆ ಅದು ಸರಿ. ಅಲ್ಲಿ ಸ್ಟೆಮ್, ಅಂದರೆ ವಾಲ್ವಿನ ಮೇಲೆ ಚಾಚಿರುವ ಪುಟ್ಟ ಕೊಳವೆ, ಒತ್ತಿದರೆ ದಾರಿ ನೇರ ತೆರೆಯುತ್ತದೆ, ಗ್ಯಾಸ್ ಸರಾಗವಾಗಿ ಒಳಗೆ ಹೋಗುತ್ತದೆ. ಮೀಟರಿಂಗ್ ವಾಲ್ವ್ ಹಾಗಲ್ಲ. ಅದು ಎರಡು ಬಾಗಿಲಿನ ಪುಟ್ಟ ಕೋಣೆ. ಸ್ಟೆಮ್ ಮೇಲಿದ್ದಾಗ ಒಳಬಾಗಿಲು ತೆರೆದು ಕೋಣೆ ತುಂಬುತ್ತದೆ. ಒತ್ತಿದಾಗ ಒಳಬಾಗಿಲು ಮುಚ್ಚಿ ಹೊರಬಾಗಿಲು ತೆರೆಯುತ್ತದೆ. ಎರಡೂ ಒಟ್ಟಿಗೆ ತೆರೆದಿರಬಾರದು, ಅಳತೆ ತಪ್ಪದಿರುವುದೇ ಅದರಿಂದ. ಗ್ಯಾಸ್ ತುಂಬಲು ನಾವು ಸ್ಟೆಮ್ ಒತ್ತಲೇಬೇಕು. ಒತ್ತಿದ ಕೂಡಲೇ ಒಳಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿರುವ ತೆಳು ರಬ್ಬರ್ ಗ್ಯಾಸ್ಕೆಟ್ಟನ್ನು ಪ್ರೆಶರಿನಿಂದ ಬಾಗಿಸಿಕೊಂಡೇ ಗ್ಯಾಸ್ ಒಳಗೆ ನುಗ್ಗಬೇಕು. ಒಬ್ಬೊಬ್ಬರನ್ನೇ ಹೊರಗೆ ಬಿಡುವ ಗೇಟಿನಲ್ಲಿ ಜಾತ್ರೆಯನ್ನು ಒಳಗೆ ನುಗ್ಗಿಸಿದ ಹಾಗೆ.

ನನಗೆ ಇದು ಆಗ ಗೊತ್ತಿರಲಿಲ್ಲ. ತುಂಬುವುದು ನಿಧಾನ ಆಗುತ್ತಿದೆ ಅಂತ ಸರ್ವೀಸಿನವರಿಗೆ ಫೋನ್ ಮಾಡಿದೆ. "ಪ್ರೆಶರ್ ಏರಿಸಿ ಸಾರ್, ಬೇಗ ತುಂಬುತ್ತೆ" ಅಂದರು. ಏರಿಸಿದೆ. ಬೇಗ ತುಂಬಿತು. ಖುಷಿಯಾಗಿ ಒಂದು ವಾರ ಹಾಗೇ ನಡೆಸಿದೆ.

ಆಮೇಲೆ ಪೆಟ್ಟಿಗೆ ಪೆಟ್ಟಿಗೆ ವಾಪಸ್ ಬರತೊಡಗಿದವು. ಲೆಕ್ಕ ನೋಡಿ. ಕ್ಯಾನಿನಲ್ಲಿ 200 ಮಿಲಿಲೀಟರ್ ದ್ರವ, ಒಂದು ಸಲಕ್ಕೆ 0.1, ಅಂದರೆ 2,000 ಸಲ. ಗಂಟೆಗೆ ನಾಲ್ಕರಂತೆ ದಿನಕ್ಕೆ 96. ಇಪ್ಪತ್ತು ದಿನ ಬರಬೇಕು. ಇವು ನಾಲ್ಕೈದು ದಿನಕ್ಕೇ ಖಾಲಿ! ಒಂದು ಕ್ಯಾನನ್ನು ಬಯಲಿನಲ್ಲಿ ಪೂರ್ತಿ ಖಾಲಿ ಮಾಡಿ, ವಾಲ್ವ್ ಬಿಡಿಸಿ, ಭೂತಗನ್ನಡಿ ಹಿಡಿದು ನೋಡಿದೆ. ಒಳಗಿನ ಗ್ಯಾಸ್ಕೆಟ್ಟಿನ ಅಂಚು ಉಗುರಿನಿಂದ ಕಿತ್ತ ಹಾಗೆ ಹರಿದಿತ್ತು. ಒಂದು ಎಳೆ ಸ್ಟೆಮ್‌ಗೆ ಅಂಟಿಕೊಂಡು ನೇತಾಡುತ್ತಿತ್ತು. ಒಳಬಾಗಿಲು ಮುಚ್ಚದ ಮೇಲೆ ಅಳತೆ ಎಲ್ಲಿಂದ ಬರಬೇಕು? ಒತ್ತಿದಷ್ಟು ಹೊತ್ತೂ ಸುರಿಯುತ್ತಿತ್ತು. ಆ ವಾರದ ಅಷ್ಟೂ ಮಾಲು ನನ್ನ ತಲೆ ಮೇಲೆ ಬಿತ್ತು. ಸರ್ವೀಸಿನವರು "ವಾಲ್ವ್ ಸರಿ ಇಲ್ಲ" ಅಂದರು. ವಾಲ್ವ್ ಮಾರಿದವರು "ಯಂತ್ರ ಸರಿ ಇಲ್ಲ" ಅಂದರು. ಅಂದೇ ಈ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೂಡ ಕೊಡುತ್ತಿರಲಿಲ್ಲ.

ಸರಿ ಹೋಗಿದ್ದು ನಿಧಾನದಿಂದ. ಗ್ಯಾಸ್ ಹೆಡ್‌ಗೆ ಹೋಗುವ ಗಾಳಿಯನ್ನು 6 ಬಾರ್‌ನಿಂದ 4ಕ್ಕೆ ಇಳಿಸಿದೆ. ಪಿಸ್ಟನ್ ದಬ್ಬನೆ ಇಳಿಯದಂತೆ ಗಾಳಿ ಪೈಪಿನ ತಿರುಪನ್ನು ಬಿಗಿ ಮಾಡಿದೆ. ಕ್ಯಾನಿಗೆ ಎರಡು ಸೆಕೆಂಡ್ ಹೋಗಿ ಐದು ಸೆಕೆಂಡ್ ಆಯಿತು. ಜೊತೆಗೆ ಸ್ಟೆಮ್ ಮೇಲೆ ಕೂರುವ ಅಡಾಪ್ಟರನ್ನು ನಮ್ಮ ವಾಲ್ವಿನ ಅಳತೆಗೆ ಲೇತ್‌ನಲ್ಲಿ ಕಡೆಸಿದೆ. ಕಂಪನಿಯದು ಗಿಡ್ಡ ಇತ್ತು, ಸ್ಟೆಮ್ ಪೂರ್ತಿ ಇಳಿಯುತ್ತಲೇ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಹರಿದ ಗ್ಯಾಸ್ಕೆಟ್ ಒಂದೂ ಸಿಕ್ಕಿಲ್ಲ. ದಿನದ ಲೆಕ್ಕ ಕಡಿಮೆ ಆಯಿತು, ನಿಜ. ನಮಗೆ ದಿನಕ್ಕೆ ನಾನೂರು ಕ್ಯಾನ್ ಸಾಕು. ನಿಮಗೆ ಎರಡು ಸಾವಿರ ಬೇಕಿದ್ದರೆ ಈ ಯಂತ್ರದ ಕಡೆ ನೋಡಲೇಬೇಡಿ.

ಇನ್ನೊಂದು ಕಿರಿಕಿರಿ ಸೀಲಿನದು. ಜೊತೆಗೆ ಕೊಟ್ಟ ಸ್ಪೇರ್ ಕಿಟ್‌ನಲ್ಲಿ ಇಪಿಡಿಎಂ ಅನ್ನುವ ರಬ್ಬರಿನ ವಾಷರ್ ಇದ್ದವು. 134ಎ ಅನ್ನುವ ಬೇರೆ ಬಗೆಯ ಗ್ಯಾಸ್ ತುಂಬುವವರಿಗೆ ಅವು ಸರಿ. ಬ್ಯೂಟೇನ್, ಪ್ರೊಪೇನ್‌ಗೆ ಅವು ತಾಳುವುದಿಲ್ಲ, ಊದಿಕೊಳ್ಳುತ್ತವೆ. ನನ್ನದು ತಿಂಗಳಿಗೇ ಅಣಬೆಯ ಹಾಗೆ ಉಬ್ಬಿತ್ತು. ನೈಟ್ರೈಲ್ ರಬ್ಬರಿನ ವಾಷರ್ ಹಾಕಿದ ಮೇಲೆ ಆ ಚಿಂತೆ ಇಲ್ಲ. ಇದನ್ನು ಒಂದು ಸಾಲಿನಲ್ಲಿ ಮ್ಯಾನ್ಯುಯಲ್‌ನಲ್ಲಿ ಬರೆಯೋಕೆ ಏನಾಗಿತ್ತೋ!

ಸೀಲ್ ವಿಷಯ ಸುಮ್ನೆ ಅಂದುಕೊಳ್ಳಬೇಡಿ. ಏರೋಸಾಲ್‌ಗೆ ಬಳಸುವ ಗ್ಯಾಸ್‌ಗೆ ಅಡುಗೆ ಗ್ಯಾಸಿನ ವಾಸನೆ ಇರುವುದಿಲ್ಲ. ಪರಿಮಳ ಕೆಡಬಾರದು ಅಂತ ವಾಸನೆ ಬೆರೆಸದೆ ಕೊಡುತ್ತಾರೆ. ಸೋರಿದರೆ ಮೂಗಿಗೆ ಗೊತ್ತಾಗುವುದಿಲ್ಲ. ಗಾಳಿಗಿಂತ ಭಾರ, ನೆಲದ ಮೇಲೇ ಹರಿಯುತ್ತದೆ. ಹಾಗಾಗಿ ನಮ್ಮ ಗ್ಯಾಸ್ ಸ್ಟೇಷನ್ ಇರುವುದು ಗೋಡೆ ಇಲ್ಲದ ಶೆಡ್ಡಿನಲ್ಲಿ, ಡಿಟೆಕ್ಟರ್ ಇರುವುದು ಪಾದದ ಎತ್ತರದಲ್ಲಿ. ಅದಲ್ಲದೆ ನನ್ನ ಕಿವಿಯೂ ಇದೆ. ಹೆಡ್ ಎತ್ತುವಾಗ 'ಫಿಸ್' ಅಂತ ಚಿಕ್ಕದಾಗಿ ಬಂದರೆ ಸರಿ, ಅಡಾಪ್ಟರಿನಲ್ಲಿ ಉಳಿದ ಗ್ಯಾಸ್ ಅದು. 'ಫಿಸ್ಸ್ಸ್' ಅಂತ ಎಳೆದರೆ ವಾಷರ್ ಬದಲಿಸುವ ಹೊತ್ತು ಬಂತು.

ಬಿಸಿಲು ಜಾಸ್ತಿ ಇರುವ ಮಧ್ಯಾಹ್ನ ಇನ್ನೊಂದು ಆಟ ಇರುತ್ತದೆ. ಪೈಪ್ ಕಾದು, ಒತ್ತಡದಲ್ಲಿ ದ್ರವವಾಗಿರುವ ಗ್ಯಾಸಿನಲ್ಲಿ ಗುಳ್ಳೆ ಏಳುತ್ತದೆ, ಅಳತೆ ಸಿಲಿಂಡರ್ ಗುಳ್ಳೆಯನ್ನೇ ಎಳೆದುಕೊಂಡು ಕ್ಯಾನಿಗೆ ಕಡಿಮೆ ತುಂಬುತ್ತದೆ. ಗಾಜಿನ ಕಿಂಡಿಯಲ್ಲಿ ಗುಳ್ಳೆ ಕಂಡರೆ ನಿಲ್ಲಿಸಿ, ಪೈಪಿಗೆ ಒದ್ದೆ ಬಟ್ಟೆ ಸುತ್ತುತ್ತೇನೆ. ಇದಕ್ಕೆ ಯಂತ್ರವನ್ನು ಬೈಯಲಾರೆ.

ಪ್ರತಿ ಐವತ್ತು ಕ್ಯಾನಿಗೆ ಒಂದನ್ನು ತೆಗೆದು, ಸೋರಿಕೆ ನೋಡುವ 50 ಡಿಗ್ರಿ ಬಿಸಿನೀರಿನ ತೊಟ್ಟಿಯ ಪರೀಕ್ಷೆ ಮುಗಿದು ಒರೆಸಿ ಆರಿದ ಮೇಲೆ, ತಕ್ಕಡಿಗೆ ಇಡುತ್ತೇನೆ. ಮೊದಲ ಐದು ಒತ್ತು ಲೆಕ್ಕಕ್ಕಿಲ್ಲ, ಕೋಣೆ ತುಂಬಿಕೊಳ್ಳಲಿ ಅಂತ. ಆಮೇಲೆ ತೂಕ ನೋಡಿ, ಹತ್ತು ಸಲ ಒತ್ತಿ, ಮತ್ತೆ ತೂಕ. ನಮ್ಮ ಮಿಶ್ರಣಕ್ಕೆ 0.67 ಗ್ರಾಂ ಹತ್ತಿರ ಕಡಿಮೆ ಆಗಬೇಕು. ಮೊದಮೊದಲು ಭಯಕ್ಕೆ ಮಾಡುತ್ತಿದ್ದೆ. ಈಗ ಆ ಅಂಕಿ ಬಂದಾಗ ಏನೋ ಒಂದು ಖುಷಿ.

ಐದಕ್ಕೆ ಮೂರೂವರೆ ಸ್ಟಾರ್. ಕಳೆದದ್ದು ಪೂರ್ತಿ ಗ್ಯಾಸ್ ಹೆಡ್‌ಗೆ, ಅದರ ಬಗ್ಗೆ ಬಾಯಿ ಬಿಡದ ಮ್ಯಾನ್ಯುಯಲ್‌ಗೆ. ಕೊಳ್ಳುವವರು ಡೆಮೋಗೆ ಹೋಗುವಾಗ ನಿಮ್ಮದೇ ವಾಲ್ವ್ ಇಪ್ಪತ್ತು, ನಿಮ್ಮದೇ ತಕ್ಕಡಿ ತೆಗೆದುಕೊಂಡು ಹೋಗಿ. ಅವರ ವಾಲ್ವಿನಲ್ಲಿ ತುಂಬಿ ತೋರಿಸಿದರೆ ಒಪ್ಪಬೇಡಿ. ಅಲ್ಲೇ ತುಂಬಿಸಿ, ಅಲ್ಲೇ ಹತ್ತು ಸಲ ಒತ್ತಿ ತೂಗಿ, ಆಮೇಲೆ ದುಡ್ಡಿನ ಮಾತು.