ನಮ್ಮ ಸ್ಟುಡಿಯೋದ ಡೆಸ್ಕ್‌ಟಾಪಿಗೆ ಮೂರು ಎಸ್‌ಎಸ್‌ಡಿ: ಹಾಕಿ ನೋಡಿದ ಲೆಕ್ಕ

ತೀರ್ಥಹಳ್ಳಿಯ ನಮ್ಮ ಸ್ಟುಡಿಯೋದಲ್ಲಿ ಮದುವೆ ಫೋಟೋ ಮತ್ತು ಆಲ್ಬಂ ಕೆಲಸವೇ ಹೆಚ್ಚು. ಒಂದು ಮದುವೆ ಎಂದರೆ ಧಾರೆಯಿಂದ ಆರತಕ್ಷತೆಯವರೆಗೆ ಸುಮಾರು 2,400 ರಾ (ಕ್ಯಾಮೆರಾದ ಮೂಲ ಕಡತದ) ಫೋಟೋಗಳು, ಅಂದರೆ 60 ಜಿಬಿ. ವಿಡಿಯೋದವರು ತಂದುಕೊಡುವ 4ಕೆ ಕಡತಗಳು ಇನ್ನೊಂದು 180 ಜಿಬಿ. ಇಷ್ಟೂ ಬಂದು ಬೀಳುವುದು 2018ರ ಕೊನೆಗೆ ಕೊಂಡ ಒಂದೇ ಡೆಸ್ಕ್‌ಟಾಪಿನ ಮೇಲೆ: ಐ5-8400 ಪ್ರೊಸೆಸರ್, ಎಚ್310 ಬೋರ್ಡ್, 16 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಸ್ವಿಚ್ ಒತ್ತಿ, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ಕಸ ಗುಡಿಸಿ ಬಂದರೂ ಫೋಟೋಶಾಪ್ ತೆರೆದಿರುತ್ತಿರಲಿಲ್ಲ. ಗಡಿಯಾರ ಇಟ್ಟು ನೋಡಿದಾಗ 3 ನಿಮಿಷ 40 ಸೆಕೆಂಡ್.

ಹಾಗಾಗಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಕಡತ ಇಡುವ ಡ್ರೈವ್, ಹಾಕಿಸಲು ಹೊರಟೆ. ಯಾವುದನ್ನು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಕೊನೆಗೆ ಎರಡನ್ನು ನಾನೇ ಕೊಂಡೆ. ಮೂರನೆಯದನ್ನು ಪಕ್ಕದ ಊರಿನ ಸ್ಟುಡಿಯೋದ ಗೆಳೆಯರೊಬ್ಬರು ತಮಗೆಂದು ತರಿಸಿಕೊಂಡಿದ್ದರು. ಅದನ್ನು ಎರಡು ವಾರ ನನ್ನ ಬಳಿ ಬಿಟ್ಟಿದ್ದರು. ಮೂರೂ 500 ಜಿಬಿಯವು. ವಿಂಡೋಸ್‌ನಲ್ಲಿ 465 ಎಂದು ಕಂಡರೆ ಗಾಬರಿಯಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಮೊದಲನೆಯದು ಕ್ರೂಶಿಯಲ್ ಎಂಎಕ್ಸ್500. ಎರಡೂವರೆ ಇಂಚಿನ ಸಾಟಾ ಡ್ರೈವ್ (ಹಾರ್ಡ್ ಡಿಸ್ಕಿನಂತೆ ಕೇಬಲ್ಲಿನಲ್ಲಿ ಜೋಡಿಸುವುದು), ಟಿಎಲ್‌ಸಿ ಮೆಮೊರಿ (ಕೋಶಕ್ಕೆ ಮೂರು ಬಿಟ್ ತುಂಬುವ ಬಗೆ), ತನ್ನದೇ ಡಿರ‍್ಯಾಮ್ (ಯಾವ ಮಾಹಿತಿ ಎಲ್ಲಿದೆ ಎಂಬ ಪಟ್ಟಿ ಇಟ್ಟುಕೊಳ್ಳುವ ವೇಗದ ಮೆಮೊರಿ). ಡಬ್ಬದ ಮೇಲಿನ ಓದುವ ವೇಗ ಸೆಕೆಂಡಿಗೆ 560 ಎಂಬಿ. ಎರಡನೆಯದು ಡಬ್ಲ್ಯೂಡಿ ಬ್ಲೂ ಎಸ್‌ಎನ್570. ಇದು ಎಂ.2 ಆಕಾರದ ಎನ್‌ವಿಎಂಇ ಡ್ರೈವ್, ಅಂದರೆ ಬೋರ್ಡಿನ ಸ್ಲಾಟಿಗೇ ಕೂತು ಸಾಟಾ ಬದಲು ಹೆಚ್ಚು ವೇಗದ ಪಿಸಿಐಇ ದಾರಿ ಬಳಸುವಂಥದ್ದು. ಇದೂ ಟಿಎಲ್‌ಸಿ, ಆದರೆ ಸ್ವಂತ ಡಿರ‍್ಯಾಮ್ ಇಲ್ಲ.  ಡಬ್ಬದ ಮೇಲೆ 3,500 ಎಂಬಿ. ಗೆಳೆಯರ ಡ್ರೈವ್ ಕೂಡ ಎಂ.2 ಎನ್‌ವಿಎಂಇ, ಅದರ ಡಬ್ಬದ ಮೇಲೂ ಅದೇ 3,500. ಒಳಗಿರುವುದು ಮಾತ್ರ ಕ್ಯೂಎಲ್‌ಸಿ (ಕೋಶಕ್ಕೆ ನಾಲ್ಕು ಬಿಟ್ ತುಂಬುವ) ಮೆಮೊರಿ. ಎಸ್‌ಎನ್570ಗಿಂತ ಐನೂರು ರೂಪಾಯಿ ಅಗ್ಗವಾಗಿ ಸಿಕ್ಕಿತ್ತು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳುವ ತೊಂದರೆ ಆ ಬಗೆಯ ಡ್ರೈವ್‌ಗಳಿಗೆಲ್ಲ ಹೆಚ್ಚುಕಡಿಮೆ ಇರುವಂಥದ್ದು, ಒಂದು ಕಂಪನಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಮೂರಕ್ಕೂ ಒಂದೇ ವಿಂಡೋಸ್ ಕ್ಲೋನ್ (ಯಥಾವತ್ತು ನಕಲು) ಮಾಡಿದೆ, ಮೂರರಲ್ಲೂ 200 ಜಿಬಿ ತುಂಬಿಸಿಟ್ಟೆ. ಖಾಲಿ ಡ್ರೈವ್‌ನಲ್ಲಿ ಪರೀಕ್ಷೆ ಮಾಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ನಮ್ಮ ಡ್ರೈವ್‌ಗಳು ಖಾಲಿ ಇರುವುದು ಕೊಂಡ ದಿನ ಮಾತ್ರ.

ಎಂ.2 ಜೋಡಿಸುವುದು ನನಗೆ ಹೊಸದು. ತೋರುಬೆರಳಿನಷ್ಟು ಉದ್ದದ ಪಟ್ಟಿ ಅದು: 22 ಮಿಮೀ ಅಗಲ, 80 ಮಿಮೀ ಉದ್ದ. ಓರೆಯಾಗಿ ಹಿಡಿದು ಸ್ಲಾಟಿಗೆ ತಳ್ಳಬೇಕು. ಕೈ ಬಿಟ್ಟರೆ ಇನ್ನೊಂದು ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅದನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಸ್ಕ್ರೂ ತಿರುಗಿಸಬೇಕು. ಆ ಸ್ಕ್ರೂ ಡ್ರೈವ್‌ನ ಜೊತೆ ಬರಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಮದರ್‌ಬೋರ್ಡ್ ಡಬ್ಬದಲ್ಲಿ, ಚಿಕ್ಕ ಪ್ಲಾಸ್ಟಿಕ್ ಚೀಲದೊಳಗೆ ಸಿಕ್ಕಿತು. ನಿಮ್ಮ ಬೋರ್ಡಿನ ಡಬ್ಬವನ್ನು ಗುಜರಿಗೆ ಹಾಕಬೇಡಿ.

ಮೊದಲ ಪರೀಕ್ಷೆ ಬೆಳಗಿನದು. ಸ್ವಿಚ್ ಒತ್ತಿದಲ್ಲಿಂದ ಫೋಟೋಶಾಪ್ ಕೆಲಸಕ್ಕೆ ಸಿದ್ಧವಾಗುವವರೆಗೆ ಎಂಎಕ್ಸ್500ಕ್ಕೆ 48 ಸೆಕೆಂಡ್, ಎಸ್‌ಎನ್570ಕ್ಕೆ 43, ಗೆಳೆಯರ ಡ್ರೈವ್‌ಗೆ 44. ಮೂರರ ನಡುವೆ ಐದು ಸೆಕೆಂಡ್ ಅಂತರ. ಹಾರ್ಡ್ ಡಿಸ್ಕಿಗೂ ಇವಕ್ಕೂ ಸುಮಾರು ಮೂರು ನಿಮಿಷ. ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 4 ಮಿಲಿಸೆಕೆಂಡಿಗಿಂತ ಹೆಚ್ಚು. ಹೆಡ್ ಆ ಜಾಗಕ್ಕೆ ಸರಿಯುವ ಹೊತ್ತು ಬೇರೆ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಕಡತಗಳನ್ನು ಹೀಗೆ ಒಂದೊಂದಾಗಿ ಹುಡುಕುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡವರು ಯಾವ ಎಸ್‌ಎಸ್‌ಡಿ ಹಾಕಿದರೂ ಮೊದಲ ದಿನ ಸಂತೋಷಪಡುವುದು ಇದಕ್ಕೇ, ಆ ಸಂತೋಷ ನಿಜವಾದದ್ದು.

ಡ್ರೈವ್‌ನ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತಂತ್ರಾಂಶ ಓಡಿಸಿದಾಗ ಎಸ್‌ಎನ್570 ತೋರಿಸಿದ ಓದುವ ವೇಗ 1,650. ಡ್ರೈವ್ ಕೆಟ್ಟಿದೆಯೇನೋ ಎಂದುಕೊಂಡೆ. ಬೋರ್ಡಿನ ಕೈಪಿಡಿ ತೆರೆದಾಗ ವಿಷಯ ತಿಳಿಯಿತು: ಎಚ್310 ಚಿಪ್‌ಸೆಟ್ ಕೊಡುವುದು ಪಿಸಿಐಇ 2.0 ದಾರಿಗಳನ್ನು ಮಾತ್ರ. ನನ್ನ ಬೋರ್ಡಿನ ಸ್ಲಾಟಿನಲ್ಲಿ ಅಂಥ ನಾಲ್ಕು ದಾರಿಗಳಿವೆ, ಒಟ್ಟು 2,000 ಎಂಬಿಗಿಂತ ಹೆಚ್ಚು ಹರಿಯಲಾರದು. 3,500 ಬೇಕಾದರೆ ಪಿಸಿಐಇ 3.0 ಇರುವ ಸ್ಲಾಟ್ ಬೇಕು. ಕೊಳ್ಳುವ ಮೊದಲು ನಿಮ್ಮ ಬೋರ್ಡಿನ ಕೈಪಿಡಿಯಲ್ಲಿ ಈ ಒಂದು ಸಾಲನ್ನು ಓದಿಕೊಳ್ಳಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ತುಂಬಿದರೆ ಒಂದು ಸಾಟಾ ಪೋರ್ಟ್ ಬಂದ್ ಆಗುತ್ತದೆ, ಅದೂ ಅಲ್ಲೇ ಬರೆದಿರುತ್ತದೆ.

ಇನ್ನು ಮೆಮೊರಿ ಕಾರ್ಡಿನಿಂದ ಫೋಟೋ ಇಳಿಸುವುದು. ಇದರಲ್ಲಿ ಮೂರೂ ಒಂದೇ: 60 ಜಿಬಿಗೆ ಹನ್ನೆರಡು ನಿಮಿಷ. ನಮ್ಮ ಕಾರ್ಡುಗಳು ಯುಎಚ್‌ಎಸ್-1 ಬಗೆಯವು. ಆ ಬಗೆಯ ಮೇಲ್ಮಿತಿಯೇ ಸೆಕೆಂಡಿಗೆ 104 ಎಂಬಿ, ನಮ್ಮವು ಕೊಡುವುದು 85. ತೂಬು ಚಿಕ್ಕದಾದರೆ ಗದ್ದೆ ಎಷ್ಟು ದೊಡ್ಡದಿದ್ದರೇನು?

ಮೂರೂ ಬೇರೆಬೇರೆಯಾದದ್ದು ವಿಡಿಯೋ ಕಡತಗಳ ದಿನ. ನಮ್ಮ ವಿಡಿಯೋದ ಹುಡುಗ ಪೋರ್ಟಬಲ್ ಎಸ್‌ಎಸ್‌ಡಿಯಲ್ಲಿ 180 ಜಿಬಿ ತಂದಿದ್ದ. ನೀಲಿ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದರೆ ಅದು ಸೆಕೆಂಡಿಗೆ 400ರ ಮೇಲೆ ಕೊಡುತ್ತದೆ. ಎಸ್‌ಎನ್570 ಏಳೂವರೆ ನಿಮಿಷದಲ್ಲಿ ಮುಗಿಸಿತು. ಎಂಎಕ್ಸ್500 ಎಂಟು ನಿಮಿಷ ತೆಗೆದುಕೊಂಡಿತು. ವೇಗ 380ರ ಆಸುಪಾಸಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೆಚ್ಚು ಅಲುಗಾಡಲಿಲ್ಲ. ಗೆಳೆಯರ ಡ್ರೈವ್ ಕೂಡ 410ರಲ್ಲಿ ಶುರುಮಾಡಿತು. ವಿಂಡೋಸ್ ತೋರಿಸುವ ಹಸಿರು ನಕ್ಷೆ ಮೇಜಿನಂತೆ ಸಮತಟ್ಟಾಗಿ ಸಾಗುತ್ತಿತ್ತು. ಚಹಾ ತರಿಸಿದೆವು. ಲೋಟ ಕೆಳಗಿಡುವಷ್ಟರಲ್ಲಿ, ಸುಮಾರು 65 ಜಿಬಿ ದಾಟಿದ ಮೇಲೆ, ಆ ಹಸಿರು ಗೋಡೆ ಕಡಿದಂತೆ ಕೆಳಗೆ ಬಿದ್ದು 85ಕ್ಕೆ ಬಂದು ನಿಂತಿತು. ಮತ್ತೆ ಏಳಲಿಲ್ಲ. ಒಟ್ಟು 25 ನಿಮಿಷ. ಅದೇ ಕಡತಗಳನ್ನು ನನ್ನ ಹಳೆಯ ಹಾರ್ಡ್ ಡಿಸ್ಕಿಗೆ ಹಾಕಿ ನೋಡಿದೆ: 22 ನಿಮಿಷ. 3,500 ಎಂದು ಬರೆದಿರುವ ಡ್ರೈವ್ ಏಳು ವರ್ಷದ ಹಾರ್ಡ್ ಡಿಸ್ಕಿಗಿಂತ ಹಿಂದೆ ಬಿತ್ತು. ನಂಬಿಕೆ ಬಾರದೆ ಮರುದಿನ ಮತ್ತೆ ಮಾಡಿದೆ, ಅದೇ ಫಲ.

ಕಾರಣ ಮೆಮೊರಿಯ ಬಗೆಯಲ್ಲಿದೆ. ಕ್ಯೂಎಲ್‌ಸಿಯಲ್ಲಿ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುತ್ತಾರೆ. ಅದಕ್ಕೆ ವಿದ್ಯುದಂಶದ 16 ಹಂತಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಟಿಎಲ್‌ಸಿಯಲ್ಲಿ ಮೂರು ಬಿಟ್, 8 ಹಂತ. ಹಂತ ಹೆಚ್ಚಾದಷ್ಟೂ ಬರೆಯುವುದು ನಾಜೂಕಿನ ಕೆಲಸ, ನಿಧಾನ. ಆ ನಿಧಾನ ಕಾಣದಿರಲೆಂದು ಡ್ರೈವ್ ಖಾಲಿ ಜಾಗದ ಒಂದು ಭಾಗದಲ್ಲಿ ಕೋಶಕ್ಕೆ ಒಂದೇ ಬಿಟ್‌ನಂತೆ ಸರಸರನೆ ಬರೆದುಕೊಳ್ಳುತ್ತದೆ, ಬಿಡುವಾದಾಗ ಒತ್ತಿ ತುಂಬುತ್ತದೆ. ಅಡಕೆ ಸುಗ್ಗಿ ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಗಾಡಿ ಬಂದಾಗ ಅಂಗಳದಲ್ಲಿ ಸುರಿದರಾಯಿತು, ಚೀಲಕ್ಕೆ ತುಂಬುವುದು ಆಮೇಲೆ. ಅಂಗಳ ತುಂಬಿದ ಮೇಲೂ ಗಾಡಿಗಳು ಬರುತ್ತಲೇ ಇದ್ದರೆ, ಒಂದೊಂದು ಚೀಲ ಕಟ್ಟಿದ ಮೇಲೆಯೇ ಮುಂದಿನ ಹೊರೆ ಇಳಿಸಬೇಕು. ನಾಲ್ಕು ಬಿಟ್‌ನ ಜಾಗದಲ್ಲಿ ಒಂದು ಬಿಟ್ ಬರೆಯುವುದರಿಂದ ಅಂಗಳ ಖಾಲಿ ಜಾಗದ ಕಾಲುಭಾಗ ಮೀರಲಾರದು. ನಮ್ಮಲ್ಲಿ 265 ಜಿಬಿ ಖಾಲಿ ಇತ್ತು, 65ರ ಹತ್ತಿರ ಬಿದ್ದದ್ದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಡ್ರೈವ್ ತುಂಬಿದಂತೆಲ್ಲ ಅಂಗಳವೂ ಕಿರಿದಾಗುತ್ತದೆ. ಟಿಎಲ್‌ಸಿ ಡ್ರೈವ್‌ಗಳಿಗೂ ಅಂಗಳವಿದೆ, ಆದರೆ ಅದು ತುಂಬಿದ ಮೇಲೂ ನಮ್ಮ ಯುಎಸ್‌ಬಿ ಕೊಡುವಷ್ಟನ್ನು ಅವು ಬರೆದುಕೊಂಡವು.

ಬಾಳಿಕೆಯ ಲೆಕ್ಕವನ್ನೂ ಹಾಕಿದೆ. ಎಂಎಕ್ಸ್500ರ 500 ಜಿಬಿಗೆ ಕಂಪನಿ ಹೇಳುವ ಒಟ್ಟು ಬರವಣಿಗೆಯ ಮಿತಿ 180 ಟಿಬಿ, ಎಸ್‌ಎನ್570ಕ್ಕೆ 300 ಟಿಬಿ. ಎರಡಕ್ಕೂ ಐದು ವರ್ಷದ ವಾರಂಟಿ. ಗೆಳೆಯರದಕ್ಕೆ ನೂರರ ಆಸುಪಾಸು. ವೈಶಾಖದ ಮುಹೂರ್ತಗಳನ್ನೂ ಕಾರ್ತಿಕದ ಮುಹೂರ್ತಗಳನ್ನೂ ಸೇರಿಸಿ ನಮ್ಮಲ್ಲಿ ವರ್ಷಕ್ಕೆ 20 ಟಿಬಿ ಬರೆಯಲಾಗುತ್ತದೆ. ಡ್ರೈವ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿದರೆ ಎಂಟು ತಿಂಗಳಿಗೆ 13 ಟಿಬಿ ಆಗಿದೆ. ಆ ಪ್ರಕಾರ 180 ಎಂದರೆ ಒಂಬತ್ತು ವರ್ಷ, 300 ಎಂದರೆ ಹದಿನೈದು, ನೂರು ಎಂದರೆ ಐದು. ಕಚೇರಿ ಕೆಲಸದವರು ಈ ಅಂಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬಿಸಿಯ ಬಗ್ಗೆ ಒಂದು ಮಾತು. ಏಪ್ರಿಲ್ ಸೆಕೆಯಲ್ಲಿ ದೊಡ್ಡ ಕಾಪಿ ನಡೆಯುವಾಗ ಎಂಎಕ್ಸ್500 42 ಡಿಗ್ರಿ, ಎಸ್‌ಎನ್570 63 ಡಿಗ್ರಿ. ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಹಾಕಿಸಿಲ್ಲ, ತೊಂದರೆಯೂ ಆಗಿಲ್ಲ.

ಫೋಟೋಶಾಪ್‌ನಲ್ಲಿ ಆಲ್ಬಂ ಹಾಳೆ ಕಟ್ಟುವಾಗ, ಲೈಟ್‌ರೂಮ್‌ನಲ್ಲಿ ಪ್ರಿವ್ಯೂ ತಯಾರಿಸುವಾಗ ಸಾಟಾ, ಎನ್‌ವಿಎಂಇ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ. ಆ ಹೊತ್ತಿನಲ್ಲಿ ಕಾಯಿಸುವುದು ಪ್ರೊಸೆಸರ್. ಹೊಸ ಬೋರ್ಡ್ ಇರುವವರಿಗೆ ಎಸ್‌ಎನ್570 ಬಗೆಯ ಟಿಎಲ್‌ಸಿ ಎನ್‌ವಿಎಂಇಯನ್ನೇ ಹೇಳುತ್ತೇನೆ. ಎಂ.2 ಸ್ಲಾಟೇ ಇಲ್ಲದ ಹಳೆಯ ಡೆಸ್ಕ್‌ಟಾಪಿನವರು ಮರುಗಬೇಕಾಗಿಲ್ಲ. ಡಿರ‍್ಯಾಮ್ ಇರುವ ಒಳ್ಳೆಯ ಸಾಟಾ ಡ್ರೈವ್ ಅವರ ಕೆಲಸವನ್ನು ಪೂರ್ತಿ ಮಾಡಿಕೊಡುತ್ತದೆ. ಅಂಗಡಿಯಲ್ಲಿ ವೇಗದ ಅಂಕಿಗಿಂತ ಮೊದಲು ಕೇಳಬೇಕಾದದ್ದು ಒಳಗಿರುವುದು ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂಬುದನ್ನು. ಐನೂರು ರೂಪಾಯಿಯ ಅಂತರ ಇರುವುದು ಅಲ್ಲಿಯೇ.

ಈಗ ನಮ್ಮಲ್ಲಿ ವಿಂಡೋಸ್ ಮತ್ತು ತಂತ್ರಾಂಶಗಳು ಎಂಎಕ್ಸ್500ರಲ್ಲಿವೆ, ನಡೆಯುತ್ತಿರುವ ಮದುವೆ ಎಸ್‌ಎನ್570ರಲ್ಲಿರುತ್ತದೆ. ಆಲ್ಬಂ ಲ್ಯಾಬ್‌ಗೆ ಹೋದ ಮೇಲೆ ಆ ಕೆಲಸ ಹಾರ್ಡ್ ಡಿಸ್ಕಿಗೆ ಇಳಿಯುತ್ತದೆ. ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಡಲು ಎಸ್‌ಎಸ್‌ಡಿಯನ್ನು ನಂಬುವುದಿಲ್ಲ, ಕೋಶಗಳಲ್ಲಿನ ವಿದ್ಯುದಂಶ ಮೆಲ್ಲಗೆ ಸೋರಿಹೋಗುವಂಥದ್ದು. ಗೆಳೆಯರ ಡ್ರೈವ್ ಅವರಿಗೇ ವಾಪಸ್ಸಾಯಿತು. ಅವರದು ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಶಾಲೆಯ ಗುಂಪು ಚಿತ್ರಗಳ ಕೆಲಸ. ದಿನಕ್ಕೆ ಎರಡು ಜಿಬಿ ಬರೆದರೆ ಹೆಚ್ಚು. ಅವರ ಡೆಸ್ಕ್‌ಟಾಪ್ ಬೆಳಿಗ್ಗೆ ಮುಕ್ಕಾಲು ನಿಮಿಷದಲ್ಲಿ ಎದ್ದು ಕೂರುತ್ತದೆ, ಆ ಹಸಿರು ನಕ್ಷೆ ಬೀಳುವುದನ್ನು ಅವರು ಇದುವರೆಗೆ ಕಂಡಿಲ್ಲ.