ಕೊಚ್ಚಿಗೆ ಹೋಗುವವರು ಗಮನಿಸಿ: ಶುಕ್ರವಾರದ ಮಟ್ಟಾಂಚೇರಿ, ಐವತ್ತು ರೂಪಾಯಿಯ ಆಟೋ

ಫೋರ್ಟ್ ಕೊಚ್ಚಿಯ ಜೆಟ್ಟಿಯಲ್ಲಿ ಬೋಟ್ ಇಳಿದ ಕೂಡಲೇ ಯಾರಾದರೂ "ಐವತ್ತು ರೂಪಾಯಿ ಕೊಡಿ, ಎಲ್ಲಾ ಜಾಗ ತೋರಿಸ್ತೀನಿ" ಅಂದರೆ ದಯವಿಟ್ಟು ಆ ಆಟೋ ಹತ್ತಬೇಡಿ. ನಾವು ಹತ್ತಿದೆವು. ಹೋದದ್ದು ಬರೀ ದುಡ್ಡಾಗಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ನಲವತ್ತು ವರ್ಷದಿಂದ ನೋಡಬೇಕು ಅಂದುಕೊಂಡಿದ್ದನ್ನು ನೋಡಲು ಹೋದ ಅಪ್ಪ, ಮುಚ್ಚಿದ ಬಾಗಿಲು ನೋಡಿಕೊಂಡು ವಾಪಸ್ ಬಂದರು.

ಅಪ್ಪ ಮೈಸೂರಿನಲ್ಲಿ ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಈಗ 74 ವರ್ಷ, ಎರಡೂ ಮಂಡಿ ನೋವು. ಮಟ್ಟಾಂಚೇರಿ ಅರಮನೆಯಲ್ಲಿ 'ಪಳ್ಳಿಯರ' ಅಂತ ಒಂದು ಕೋಣೆಯಿದೆ, ರಾಜರು ಮಲಗುತ್ತಿದ್ದ ಕೋಣೆ. ಅದರ ಗೋಡೆಗಳ ಮೇಲೆ ದಶರಥನ ಯಾಗದಿಂದ ಹಿಡಿದು ರಾಮ ಅಯೋಧ್ಯೆಗೆ ಮರಳುವ ತನಕ ಇಡೀ ರಾಮಾಯಣವನ್ನು ಬರೆದಿದ್ದಾರೆ, ಹೆಚ್ಚುಕಡಿಮೆ 300 ಚದರಡಿಯಷ್ಟು. ಕಾವಿ ಕೆಂಪು, ಹಳದಿ, ಹಸಿರು ತುಂಬಿದ ಆ ಚಿತ್ರಗಳನ್ನು ಅಪ್ಪ ಪುಸ್ತಕದಲ್ಲಿ ನೋಡಿದ್ದರು, ತರಗತಿಯಲ್ಲಿ ಮಕ್ಕಳಿಗೂ ತೋರಿಸುತ್ತಿದ್ದರು. ಡಚ್ ಅರಮನೆ ಅಂತ ಕರೆಯುತ್ತಾರಾದರೂ ಅದನ್ನು ಕಟ್ಟಿಸಿ ಕೊಚ್ಚಿ ರಾಜ ವೀರ ಕೇರಳವರ್ಮನಿಗೆ ಕೊಟ್ಟವರು ಪೋರ್ಚುಗೀಸರು, 1555ರ ಸುಮಾರಿಗೆ. ನೂರು ವರ್ಷದ ಮೇಲೆ ಡಚ್ಚರು ರಿಪೇರಿ ಮಾಡಿಸಿದ್ದರಿಂದ ಅವರ ಹೆಸರು ನಿಂತಿತು. ರೈಲಿನಲ್ಲಿ ದಾರಿಯುದ್ದಕ್ಕೂ ಅಪ್ಪ ಇದನ್ನೇ ಹೇಳುತ್ತಿದ್ದರು. ಚೀಲದಲ್ಲಿ ಹೊಸ ಸ್ಕೆಚ್ ಪುಸ್ತಕವೂ ಇತ್ತು.

ಗುರುವಾರ ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸ್ ನೋಡಿಕೊಂಡು ರೂಮಿಗೆ ಬಂದು ಮಲಗಿದೆವು. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗೆ ಶುಕ್ರವಾರ ಪೂರ್ತಿ ಇಟ್ಟುಕೊಂಡಿದ್ದೆವು. ಅದೇ ರಾತ್ರಿ ವಾಪಸ್ ರೈಲು.

ಬೆಳಿಗ್ಗೆ ಎರ್ನಾಕುಳಂನಿಂದ ಬೋಟಿನಲ್ಲಿ ಬಂದಿಳಿದಾಗ ನಾವು ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿ ಆಟೋದವನು ಕನ್ನಡದಲ್ಲೇ ಮಾತಿಗೆ ಬಂದ. "ನಾನು ಬೆಂಗಳೂರಲ್ಲಿ ಆರು ವರ್ಷ ಬೇಕರಿಯಲ್ಲಿ ಇದ್ದೆ ಸಾರ್. ಅಮ್ಮಂಗೆ ನಡೆಯೋಕೆ ಕಷ್ಟ, ಬನ್ನಿ, ಐವತ್ತು ರೂಪಾಯಿ ಸಾಕು." ಬೇರೆ ಊರಲ್ಲಿ ಕನ್ನಡ ಕೇಳಿದ್ದೇ ಅಮ್ಮನ ಮುಖ ಅರಳಿತು. ಐವತ್ತು ಅಂದರೆ ಯಾತಕ್ಕೆ, ಎಷ್ಟು ಹೊತ್ತಿಗೆ ಅಂತ ಯಾರೂ ಕೇಳಲಿಲ್ಲ.

ಮೊದಲ ಎರಡು ಗಂಟೆ ಚೆನ್ನಾಗೇ ಇತ್ತು. ಸೇಂಟ್ ಫ್ರಾನ್ಸಿಸ್ ಚರ್ಚಿನ ನೆಲದಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ್ದ ಜಾಗದ ಕಲ್ಲು ಇದೆ. ಅವನು 1524ರ ಕ್ರಿಸ್‌ಮಸ್ ಹಿಂದಿನ ದಿನ ಕೊಚ್ಚಿಯಲ್ಲೇ ಸತ್ತದ್ದು; ಆಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು, ಕಲ್ಲು ಮಾತ್ರ ಉಳಿದಿದೆ. ಮೇಲೆ ತೂಗುಬಿಟ್ಟ ಬಟ್ಟೆಯ ಬೀಸಣಿಗೆಗಳನ್ನು ಹೊರಗಿನಿಂದ ಹಗ್ಗ ಹಿಡಿದು ಎಳೆಯುತ್ತಿದ್ದರಂತೆ. ಅಪ್ಪ ಅದನ್ನು ಅಲ್ಲೇ ಕೂತು ಬಿಡಿಸಿಕೊಂಡರು. ಸಾಂತಾ ಕ್ರೂಜ್ ಬೆಸಿಲಿಕಾ ನೋಡಿದೆವು. ದಡದಲ್ಲಿ ನಿಲ್ಲಿಸಿ ಹಗ್ಗದಿಂದ ಎತ್ತಿ ಇಳಿಸುವ ದೊಡ್ಡ ಮೀನುಬಲೆಗಳ, ಅಂದರೆ ಚೀನಾ ಬಲೆಗಳ ಹತ್ತಿರ ಒಬ್ಬರು "ಬನ್ನಿ, ನೀವೂ ಹಗ್ಗ ಎಳೀರಿ, ಫೋಟೋ ತೆಗೀರಿ" ಅಂತ ನನ್ನನ್ನು ಕರೆದರು. ಎಳೆದು ಕೆಳಗಿಳಿದ ಮೇಲೆ ಐನೂರು ಕೇಳಿದರು. ನೂರು ಕೊಟ್ಟು ಬಂದೆ. ಕರೆದರೆ ಮೊದಲೇ ಎಷ್ಟು ಅಂತ ಕೇಳಿ, ಇಲ್ಲವೇ ದೂರದಿಂದ ನೋಡಿ.

ಹನ್ನೊಂದೂವರೆಗೆ ಅಪ್ಪ "ಈಗ ಅರಮನೆಗೆ ನಡೀಪ್ಪಾ" ಅಂದರು. ಅವನು, "ಅದು ಇವತ್ತು ಊಟದ ಮೇಲೆ ತೆಗೆಯೋದು ಸಾರ್. ಅಲ್ಲೀತನಕ ಒಂದು ಅಂಗಡಿ ನೋಡಿ, ತಗೋಬೇಡಿ, ಸುಮ್ನೆ ನೋಡಿ" ಅಂದ. ಒಂದು ಅಂಗಡಿ ಮೂರಾಯಿತು. ಪ್ರತಿಯೊಂದರಲ್ಲೂ ಎಸಿ, ಟೀ, ಕೂರಿಸಿ ಉಪಚಾರ. ಮೊದಲನೆಯದರಲ್ಲಿ ಶಾಲು. ಎರಡನೆಯದರಲ್ಲಿ ಏಲಕ್ಕಿ, ಮೆಣಸು, ಜೊತೆಗೆ ಶ್ರೀಗಂಧದ ಎಣ್ಣೆ. ಅಮ್ಮ ಮೂಸಿ ನೋಡಿ, ಇದು ಗಂಧವಲ್ಲ ಅಂತ ಹಾಗೇ ವಾಪಸ್ ಇಟ್ಟರು. ಮೂರನೆಯದು ಹಳೇ ಸಾಮಾನಿನ ಅಂಗಡಿ. ಅಲ್ಲಿ ಅಪ್ಪನಿಗೆ ಒಂದು ಹಿತ್ತಾಳೆ ತೂಗುದೀಪ ತೋರಿಸಿ, 150 ವರ್ಷದ ಹಿಂದಿನದು, ತರವಾಡು ಮನೆಯಿಂದ, ಅಂದರೆ ಕೇರಳದ ಹಳೇ ಕುಟುಂಬದ ಮೂಲ ಮನೆಯಿಂದ ಬಂದದ್ದು ಅಂದರು. ಅಪ್ಪ 4,500 ಕೊಟ್ಟರು. ಮೈಸೂರಿಗೆ ಬಂದು ಪರಿಚಯದ ಪಾತ್ರೆ ಅಂಗಡಿಯವರಿಗೆ ತೋರಿಸಿದಾಗ ಅವರು ಒಂದು ಮೂಲೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದರು. ಕಪ್ಪು ಹೋಗಿ ಹೊಸ ಹಿತ್ತಾಳೆ ಹೊಳೆಯಿತು. ಬಿಲ್ಲಿನಲ್ಲಿ ಬರೆದಿದ್ದದ್ದು 'ಹಿತ್ತಾಳೆ ಸಾಮಾನು' ಅಂತಷ್ಟೇ. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾನೂನಿಗೆ ಒಳಪಡುತ್ತವೆ, ಅವನ್ನು ಮಾರುವ ವ್ಯಾಪಾರಿಗೆ ಲೈಸೆನ್ಸ್ ಬೇಕು. ಬಾಯಲ್ಲಿ ಹೇಳಿದ ವಯಸ್ಸನ್ನು ಬಿಲ್ಲಿನಲ್ಲಿ ಬರೆದುಕೊಡಿ ಅಂತ ಕೇಳಿ. ಬರೆಯಲಾರೆ ಅಂದರೆ ಎದ್ದು ಬನ್ನಿ.

ಮೂರು ಗಂಟೆಗೆ ಅರಮನೆ ಮುಂದೆ ನಿಲ್ಲಿಸಿದ. ಬೀಗ. ಕಾವಲಿನವರು ಬೋರ್ಡಿನತ್ತ ಕೈ ತೋರಿಸಿ "ವೆಳ್ಳಿಯಾಳ್ಚ ಅವಧಿ" ಅಂದರು. ಶುಕ್ರವಾರ ರಜೆ, ಪ್ರತಿ ವಾರವೂ. ಅಪ್ಪ ಬೋರ್ಡನ್ನು ಎರಡು ಸಲ ಓದಿದರು. ಆಟೋದವನು "ಅಯ್ಯೋ, ಮರೆತೇಬಿಟ್ಟೆ ಸಾರ್" ಅಂದ. ದಿನಾ ಅಲ್ಲೇ ಓಡಾಡುವವನಿಗೆ ಮರೆಯುವ ಮಾತೇ ಇಲ್ಲ. ಬೆಳಿಗ್ಗೆಯೇ ಹೇಳಿದ್ದರೆ ನಾವು ರೈಲು ಟಿಕೆಟ್ ರದ್ದು ಮಾಡಿ ಒಂದು ದಿನ ಉಳಿಯುತ್ತಿದ್ದೆವು. ಅವನಿಗೆ ಅಂಗಡಿಗಳಿಂದ ಬರುವ ಕಮಿಷನ್ ಮುಖ್ಯವಾಯಿತು, ನನಗೆ ಸಿಟ್ಟು ಅದಕ್ಕೇ.

ಅಲ್ಲಿಂದ ಕೂಗಳತೆಯಲ್ಲಿ ಪರದೇಸಿ ಸಿನಗಾಗ್, ಯಹೂದಿಗಳ ಪ್ರಾರ್ಥನಾ ಮಂದಿರ. 1568ರಲ್ಲಿ ಕಟ್ಟಿದ್ದು, ಒಳಗೆ ಚೀನಾದಿಂದ ತರಿಸಿದ, ಕೈಯಲ್ಲಿ ಚಿತ್ರ ಬರೆದ ನೀಲಿ ಹಂಚುಗಳ ನೆಲ. ಅದೂ ಮುಚ್ಚಿತ್ತು. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ. ಹಾಗಾಗಿ ಶುಕ್ರವಾರ, ಶನಿವಾರ ಎರಡನ್ನೂ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. ಶುಕ್ರವಾರ ರಜೆ ಹಾಕಿ ಮೂರು ದಿನದ ಪ್ರವಾಸ ಹೊರಡುವುದು ನಮ್ಮಲ್ಲಿ ಎಲ್ಲರ ಅಭ್ಯಾಸ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರವೇ ರಜೆ, ನಮ್ಮ ಬಾದಾಮಿ, ಹಂಪಿಯ ಕಮಲಾಪುರದಲ್ಲೂ ಹಾಗೇ. ಅದು ನೆನಪಿಗೆ ಬರಬೇಕಿತ್ತು.

ಇಳಿಯುವಾಗ 1,200 ರೂಪಾಯಿ ಕೇಳಿದ. ಐವತ್ತು ಅಂದದ್ದು ಒಂದು ಜಾಗಕ್ಕೆ, ತಲಾ ಒಬ್ಬರಿಗೆ ಅಂತೆ. ಮೂರು ಜನ, ಎಂಟು ಜಾಗ. ಆ ಎಂಟರಲ್ಲಿ ಮೂರು ಅಂಗಡಿಗಳೂ ಸೇರಿದ್ದವು, ಬೀಗ ಹಾಕಿದ ಎರಡು ಬಾಗಿಲುಗಳೂ ಸೇರಿದ್ದವು. ಜಗಳವಾಡಿ 800 ಕೊಟ್ಟೆ.

ಜೆಟ್ಟಿಗೆ ವಾಪಸ್ ಕರೆದೊಯ್ದ ಇನ್ನೊಬ್ಬ ಆಟೋದವರು ಮೀಟರ್ ಹಾಕಿದರು. ವಿಷಯ ಕೇಳಿ ಬೇಜಾರು ಮಾಡಿಕೊಂಡು, ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಅಪ್ಪನಿಗೆ ಚಹಾ ಕೊಡಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿಗೆ ಎರಡು ಎರಡೂವರೆ ಕಿಲೋಮೀಟರ್ ಅಷ್ಟೇ ಅಂತ ಹೇಳಿದ್ದೂ ಅವರೇ. ಮಂಡಿ ಗಟ್ಟಿ ಇರುವವರು ನಡೆದೇ ಹೋಗಬಹುದು, ಇಲ್ಲದವರು ಅಷ್ಟು ದೂರಕ್ಕೆ ಮಾತ್ರ ಆಟೋ ಮಾತಾಡಿಕೊಳ್ಳಿ.

ಸ್ಕೆಚ್ ಪುಸ್ತಕದಲ್ಲಿ ಚರ್ಚಿನ ಬೀಸಣಿಗೆಯ ನಂತರ ಎಲ್ಲಾ ಹಾಳೆ ಖಾಲಿ. ಇನ್ನೊಂದು ಸಲ ಹೋಗೋಣ ಅಂದೆ. ಅಪ್ಪ ಕ್ಯಾಲೆಂಡರ್ ತೆಗೆದು ಒಂದು ಮಂಗಳವಾರಕ್ಕೆ ಗುರುತು ಹಾಕಿದರು. ಆಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳಿದರು: "ಆ ಕೋಣೆ ಮಹಡಿ ಮೇಲಂತೆ. ಮೆಟ್ಟಿಲು ಎಷ್ಟಿದ್ಯೋ ವಿಚಾರಿಸಿದ್ಯಾ?"